ಎರಡೂ ಕೈ ಬೇಕಾದ ಕೆಲಸ

ಕೇಪ್‌ಟೌನಿನ ಬೆಟ್ಟ ನಮಗೆ ಬೆನ್ನು ಹಾಕಿ ಕೂತಿದೆ.
ಅದರ ಮುಖ ನೋಡಲು ದುಡ್ಡು ಬೇಕು.
ನಮ್ಮ ಪಾಲಿಗೆ ಮರಳು, ಹಲ್ಲಿಗೆ ಸಿಗುವ ಆಗ್ನೇಯದ ಗಾಳಿ,
ಮೂರಂತಸ್ತಿನ ಕೋರ್ಟುಗಳು. ನ್ಯಾಯದ ಕೋರ್ಟಲ್ಲ,
ಇಲ್ಲಿ ಮನೆಗಳ ಸಾಲಿಗೇ ಹಾಗೆ ಹೆಸರು.
ಯಾವ ಬೀದಿ ಯಾರದೆಂದು ಗೋಡೆಗಳೇ ಹೇಳುತ್ತವೆ.

ಫದ್ಲೀ ಬಿದ್ದದ್ದು ಗುರುವಾರ ಸಂಜೆ,
ಬ್ರೆಡ್ಡು ತರಲು ಹೋಗಿ.
ಬ್ರೆಡ್ಡಿಗೇನೂ ಆಗಿರಲಿಲ್ಲ. ಯಾರೋ ತಂದು
ಅಮ್ಮನ ಮೇಜಿನ ಮೇಲಿಟ್ಟು ಹೋದರು.

ಕತ್ತಲಾಗುವ ಹೊತ್ತಿಗೆ ನನ್ನ ಸೊಂಟದಲ್ಲಿ ಕಬ್ಬಿಣ.
ಕೊಟ್ಟವರು ಹೆಚ್ಚು ಮಾತಾಡಲಿಲ್ಲ.
‘ಡೆನ್ಜಿಲ್’ ಎಂದರು, ಅಷ್ಟೇ.
ನನಗೆ ಹದಿನೇಳು.

ಬಾಗಿಲಲ್ಲಿ ಗದೀಜಾ ಆಂಟಿ.
ಚುನಾವಣೆಗೆ ನಿಂತವಳಲ್ಲ, ಎದೆಯ ಮೇಲೆ ಬಿಲ್ಲೆಯಿಲ್ಲ,
ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಗಂಜಿ ತಿರುವಿದವಳು.
ಈ ಕಡೆಯ ಹುಡುಗರಿಗೂ ಆ ಕಡೆಯವರಿಗೂ
ಅದೇ ಸೌಟು. ಹಾಗಾಗಿ ಗಡಿ ದಾಟುವಾಗ
ಅವಳನ್ನು ತಡೆದು ಕೇಳುವವರಿಲ್ಲ.

ನನ್ನ ಸೊಂಟ ನೋಡಿದಳು. ನೋಡಿದ್ದು ಹೇಳಲಿಲ್ಲ.
‘ನಾಳೆ ಜುಮ್ಮಾ ಮುಗಿದ ಮೇಲೆ ಜನಾಜಾ.
ನಾನೂರು ಜನ ಉಣ್ಣಬೇಕು.
ಅಖ್ನಿಗೆ ಮೂರು ಮೂಟೆ ಆಲೂಗಡ್ಡೆ. ಕೂತ್ಕೋ.’

ಕೂತರೆ ಒತ್ತುತ್ತಿತ್ತು. ತೆಗೆದು
ಅಕ್ಕಿ ಡಬ್ಬದ ಮೇಲಿಟ್ಟೆ.
ಅವಳು ಚಾಕು ಕೊಟ್ಟಳು. ನನ್ನ ಕೈಗೆ,
ಆ ರಾತ್ರಿ, ಚಾಕು!
‘ಸಿಪ್ಪೆ ತೆಳ್ಳಗೆ ಬರಲಿ,’ ಎಂದಳು.
ಈರುಳ್ಳಿ ಮಾತ್ರ ಕೊಡಲಿಲ್ಲ;
ಅಳೋದಿದ್ದರೆ ನೆಪ ಯಾಕೆ ಬೇಕು, ಸುಮ್ಮನೆ ಅಳು ಎಂದಳು.
ನಾನು ಅಳಲಿಲ್ಲ. ಸುಲಿದೆ.

ಹನ್ನೊಂದಕ್ಕೆ ಗ್ಯಾಸ್ ಸಿಲಿಂಡರ್ ಹೊರಿಸಿದಳು.
ಹನ್ನೆರಡೂವರೆಗೆ ಮಸೀದಿಯಿಂದ ಹಂಡೆ.
ಎರಡಕ್ಕೆ ನಾನು ಎದ್ದು ನಿಂತೆ.
ಅವಳಿಗೆ ಗೊತ್ತಾಯಿತು, ಎದ್ದು ನಿಂತದ್ದು ಯಾತಕ್ಕೆಂದು.
ಅಕ್ಕಿ ಆರಿಸಿಲ್ಲವಲ್ಲೋ ಎಂದು
ಮೊರವೊಂದನ್ನು ನನ್ನ ಎದೆಗೆ ದೂಡಿದಳು.

ಅಷ್ಟರಲ್ಲಿ ಫೋನು. ಕಿವಿಗೂ ಭುಜಕ್ಕೂ ನಡುವೆ ಅದನ್ನು ಸಿಕ್ಕಿಸಿಕೊಂಡು
ಸೌಟಾಡಿಸುತ್ತಲೇ ತಗ್ಗಿದ ದನಿಯಲ್ಲಿ:
‘ಮಲಗಿಲ್ವಾ ಅವನು? ಮಲಗೋದು ಬೇಡ, ಹೊರಗೂ ಹೋಗೋದು ಬೇಡ.
ಏನಾದರೂ ಕೊಡೇ ಅವನಿಗೆ,
ಎರಡೂ ಕೈ ಬೇಕಾದ್ದು.’

ಆ ಅವನು ಯಾರೆಂದು ಆಗ ಹೊಳೆಯಲಿಲ್ಲ.

ಬೆಳಗಿನ ಬಾಂಗ್ ಕೇಳಿದಾಗ
ನನ್ನ ಬೆರಳೆಲ್ಲ ಪಿಷ್ಟ ಒಣಗಿ ಬೆಳ್ಳಗಿತ್ತು.
ಅಕ್ಕಿ ಡಬ್ಬದ ಮೇಲೆ ಏನೂ ಇರಲಿಲ್ಲ.
ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ.
ಇವತ್ತಿಗೂ.

ಎಲ್ಲ ಸಲವೂ ಹೀಗಲ್ಲ.
ಮರುವರ್ಷ ಲವೀನಾಳ ಮನೆಗೆ ಇವಳು ಮುಟ್ಟುವ ಮೊದಲೇ
ಮಗ ಹೊರಟುಬಿಟ್ಟಿದ್ದ; ತಂದ ಮೂಟೆ
ಬಾಗಿಲ ಸಂದಿಯಲ್ಲೇ ಕೂತು ಮೊಳಕೆಯೊಡೆಯಿತು.
ಆಮೇಲೆ ಒಂದು ವಾರ ಯಾರ ಜೊತೆಯೂ ಮಾತಾಡಲಿಲ್ಲ ಆಂಟಿ.
ಕಟುಕರ ಅಂಗಡಿಯ ಕ್ಯಾಲೆಂಡರಿನಲ್ಲಿ
ಪೆನ್ಸಿಲ್ಲಿನ ಸಣ್ಣ ಗೀಟು ಹಾಕುತ್ತಾಳೆ,
ಏನೂ ಆಗದ ರಾತ್ರಿಗೊಂದೊಂದು.
ಏನೂ ಆಗದ್ದನ್ನು ಪೇಪರಿನವರು ಬರೆಯುವುದಿಲ್ಲ,
ಪೊಲೀಸರೂ ಬರೆಯುವುದಿಲ್ಲ,
ಅದಕ್ಕೇ ಪೆನ್ಸಿಲ್ಲು.

ಡೆನ್ಜಿಲ್ ಈಗ ಟ್ಯಾಕ್ಸಿ ನಿಲ್ದಾಣದ ಬಳಿ ಟೊಮೆಟೊ ಮಾರುತ್ತಾನೆ.
ಗುಂಡು ಅವನದೋ ಅಲ್ಲವೋ, ನನಗೆ ತಿಳಿಯದು.
ತಿಳಿಯುವ ದಾರಿಗಳಿವೆ. ಹೋಗಿಲ್ಲ.
ಶನಿವಾರ ಶನಿವಾರ ಒಂದು ಚೀಲ ಕೊಳ್ಳುತ್ತೇನೆ.
ಮೇಲೆ ಗಟ್ಟಿಯವು, ಅಡಿಯಲ್ಲಿ ಮೆತ್ತಗಾದವು,
ಪ್ರತಿ ಸಲ ಮೋಸ,
ಮುಖ ನೋಡಿ ನಗುತ್ತಲೇ.

ಮಾಡಲಿ.